ಕತ್ತರಿಯ ಬಿ.ಎಸ್ಸಿ

ಅವಳಿಗೆ ಕತ್ತರಿ ಎಂದು ಹೆಸರಿಟ್ಟವನು ಅವಳ ಅಣ್ಣ. ಹೊರಡುತ್ತೇನೆ ಹೊರಡುತ್ತೇನೆ ಎನ್ನುತ್ತಲೇ ಠಿಕಾಣಿ ಹೂಡಿದ್ದ ನೆಂಟರೊಬ್ಬರ ಎದುರು ನಿಂತು, ‘ನಿನ್ನೇನೂ ಇದನ್ನೇ ಅಂದ್ರಿ’ ಎಂದು ಪುಟ್ಟ ಹುಡುಗಿ ಅವರ ಚೀಲವನ್ನು ಬಾಗಿಲಿಗೆ ತಂದಿಟ್ಟ ದಿನ ಇಟ್ಟದ್ದು. ಮದುವೆಯಾಗಿ ಬಂದ ಮನೆಯಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆದರೂ ವರ್ಷ ತುಂಬುವುದರೊಳಗೆ ಅವರೂ, ಯಾರೂ ಹೇಳಿಕೊಡದೆ, ಬೆನ್ನ ಹಿಂದೆ ಅವಳನ್ನು ಕತ್ತರಿ ಎಂದೇ ಕರೆಯತೊಡಗಿದ್ದರು.

ಅವಳು ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮುಂದೆ ಗಿರಾಕಿಗಳ ಕಟ್ಟೆ, ಹಿಂದೆ ಗುಡುಗುಡು ತಿರುಗುವ ಯಂತ್ರ, ನಡುವೆ ಕಲೆ ತೆಗೆಯುವ ಮೇಜು. ಬಟ್ಟೆ ತೆಗೆದುಕೊಳ್ಳುವುದೂ ಕಲೆ ತೆಗೆಯುವುದೂ ಅವಳದೇ. ಮನುಷ್ಯಜಾತಿಯ ಮೇಲೆ ಅವಳಿಗಿದ್ದ ತಾತ್ಸಾರವೆಲ್ಲ ಆ ಕಟ್ಟೆಯ ಮೇಲೆಯೇ ಬೆಳೆದದ್ದು. ಕಲೆಯ ವಿಷಯದಲ್ಲಿ ನಿಜ ಹೇಳುವ ಗಿರಾಕಿಯನ್ನು ಅವಳು ಕಂಡಿರಲಿಲ್ಲ. ಕುಡಿದು ಮೈಮೇಲೆ ಚೆಲ್ಲಿಕೊಂಡವನು ಶರಬತ್ತು ಎನ್ನುತ್ತಿದ್ದ. ಕಾಲರಿಗೆ ತುಟಿಯ ಬಣ್ಣ ಹತ್ತಿಸಿಕೊಂಡು ಬಂದವನು ‘ಮಗು ಪೇಂಟಿಂಗ್ ಮಾಡ್ತಿತ್ತು’ ಎನ್ನುತ್ತಿದ್ದ. ‘ಮಗು ಎತ್ತರ ಇದೆ’ ಎಂದು ಅವಳು ಚೀಟಿ ಹರಿದು ಕೊಡುತ್ತಿದ್ದಳು.

ಹನ್ನೆರಡನೇ ಕ್ಲಾಸಿನವರೆಗೆ ಅವಳು ವಿಜ್ಞಾನ ಓದಿದ್ದಳು. ಆಮೇಲೆ ಮದುವೆ, ಮಗಳು, ಅಂಗಡಿ. ಓದಿನ ನೆನಪು ಬಂದರೆ ‘ಓದಿದವರೆಲ್ಲ ಏನು ಕಡಿದು ಕಟ್ಟೆ ಹಾಕಿದಾರೆ’ ಎಂದು ಅದನ್ನು ಅಲ್ಲಿಗೇ ಅದುಮುತ್ತಿದ್ದಳು. ಹಾಗೆ ಹೇಳುವಾಗ ಅವಳ ಕಣ್ಣಮುಂದೆ ಇರುತ್ತಿದ್ದುದು ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹಾಲು ಉಕ್ಕಿದರೂ ಸರಿ, ಬಲ್ಬು ಸುಟ್ಟರೂ ಸರಿ, ಓರಗಿತ್ತಿ ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿ ಎಲ್ಲರ ಮುಖ ನೋಡುತ್ತಿದ್ದಳು. ಉಕ್ಕಿದ ಹಾಲು ಒರೆಸಲು ಮಾತ್ರ ಏಳುತ್ತಿರಲಿಲ್ಲ.

ಆ ಓರಗಿತ್ತಿ ಕತ್ತರಿಯ ಮಗಳಿಗೆ ಪಾಠ ಹೇಳಿಕೊಡಲು ಬರುತ್ತಿದ್ದ ಕಾಲ. ಒಂದು ಸಂಜೆ ಕತ್ತರಿ ಬಟ್ಟೆ ಮಡಿಸುತ್ತ ಪಕ್ಕದಲ್ಲೇ ಕೂತಿದ್ದವಳು ತಟ್ಟನೆ ಕೇಳಿದಳು:

‘ನಮ್ಮ ಮಷಿನ್ನಿಗೆ ಹಾಕೋ ದ್ರಾವಣ ಎಂಥ ಎಣ್ಣೆ ಜಿಡ್ಡಾದ್ರೂ ಎತ್ತಿ ಹಾಕುತ್ತೆ. ಸಕ್ಕರೆ ಪಾಕದ ಕಲೆ ಅಂದ್ರೆ ಮುಟ್ಟೋದೇ ಇಲ್ಲ. ಯಾಕೆ?’

ಓರಗಿತ್ತಿ ಪುಸ್ತಕದಿಂದ ತಲೆ ಎತ್ತಲಿಲ್ಲ. ‘ಅದೆಲ್ಲ ಕೆಮಿಸ್ಟ್ರಿ ಅಕ್ಕ. ನಿಮಗ್ಯಾಕೆ ಆ ತಲೆನೋವು? ಕಲೆ ಹೋದ್ರೆ ಸಾಕಲ್ವಾ?’

ಮಗಳು ಕಿಸಕ್ಕೆಂದಳು. ಕತ್ತರಿ ಮಡಿಸಿದ ಬಟ್ಟೆ ಎತ್ತಿಕೊಂಡು ಎದ್ದುಹೋದಳು. ಅವಳು ಏನೂ ಅನ್ನದಿದ್ದಾಗಲೇ ಮನೆಯವರು ಹೆದರಬೇಕಿತ್ತು. ಮಾರನೆಯ ವಾರ ಅವಳು ದೂರಶಿಕ್ಷಣದ ಬಿ.ಎಸ್ಸಿ.ಗೆ ಸೇರಿ ಬಂದಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬ್ರೇಕು ಹೋದ ಬಸ್ಸಿನ ಎದುರೂ ಬೆವರದ ಮನುಷ್ಯ. ‘ಓದು, ಒಳ್ಳೇದೇ’ ಎಂದ.

‘ಯಾಕೆ ಅಂತ ಕೇಳಲ್ವೇನ್ರೀ?’

‘ಕೇಳಿದ್ರೆ ಬೈತೀಯ. ಕೇಳದಿದ್ರೂ ಬೈತೀಯ. ಕೇಳದೆ ಬೈಸ್ಕೊಂಡ್ರೆ ಉಸಿರು ಉಳಿಯುತ್ತೆ.’

ಪಾಠದ ಪುಸ್ತಕಗಳು ಅಂಚೆಯಲ್ಲಿ ಬಂದವು. ‘ಸದರಿ ಪರಿಮಾಣವು ಮೇಲ್ಕಂಡ ಪರಿಮಾಣಕ್ಕೆ ಅನುಲೋಮವಾಗಿದ್ದು, ತತ್ಸಂಬಂಧಿ ಸ್ಥಿರಾಂಕವು ಕೆಳಗಿನಂತಿರತಕ್ಕದ್ದು’ ಎಂಬಂಥ ವಾಕ್ಯಗಳು. ಇದನ್ನು ಬರೆದವನು ಹೆಂಡತಿಯ ಹತ್ತಿರ ನೀರು ಹೇಗೆ ಕೇಳುತ್ತಾನೋ ಎಂದು ಅವಳಿಗೆ ಅಚ್ಚರಿ. ಪುಟಪುಟದ ಅಂಚಿನಲ್ಲೂ ಪೆನ್ಸಿಲಿನಲ್ಲಿ ಬೈದು ಬರೆದಳು. ಬೈಯಬೇಕಾದರೂ ವಾಕ್ಯ ಅರ್ಥವಾಗಬೇಕಲ್ಲ, ಹಾಗಾಗಿ ಒಂದೊಂದನ್ನು ನಾಲ್ಕು ನಾಲ್ಕು ಸಲ ಓದಿದಳು. ಹೀಗೆ ಬೈಯುತ್ತಲೇ ಅವಳ ತಲೆಗೆ ಪಾಠ ಇಳಿಯತೊಡಗಿತು.

ಎರಡನೇ ಪುಸ್ತಕದಲ್ಲಿ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಜಿಡ್ಡು ಜಿಡ್ಡಿನ ಜಾತಿಯ ದ್ರವದಲ್ಲಿ ಕರಗುತ್ತದೆ, ಸಕ್ಕರೆ ನೀರಿನ ಜಾತಿಯದು, ನೀರನ್ನೇ ಕೇಳುತ್ತದೆ. ಇಷ್ಟೇ. ಇಷ್ಟೂ ವರ್ಷ ಅವಳು ಕೈಯಾರೆ ಮಾಡುತ್ತಿದ್ದುದಕ್ಕೆ ಯಾರೋ ಒಂದೂವರೆ ಸಾಲಿನಲ್ಲಿ ಕಾರಣ ಬರೆದಿಟ್ಟಿದ್ದರು, ಅವಳಿಗೆ ಹೇಳಿರಲಿಲ್ಲ. ಅವಳು ಪುಸ್ತಕ ಹಿಡಿದುಕೊಂಡು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ, ಪಕ್ಕದ ಬೀದಿಯ ಓರಗಿತ್ತಿಯ ಮನೆಗೆ ಹೋದಳು. ನಿಂತಲ್ಲೇ ಓದಿ ಹೇಳಿದಳು.

ಓರಗಿತ್ತಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ‘ಹೌದಕ್ಕ. ಅದು ಎಲ್ಲರಿಗೂ ಗೊತ್ತಿರೋದೇ ಅಲ್ವಾ?’

ಕತ್ತರಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ವಾಪಸಾದಳು. ಓದು ಬಿಡುವ ಯೋಚನೆ ಮನಸ್ಸಿನ ಯಾವ ಮೂಲೆಯಲ್ಲಾದರೂ ಇದ್ದಿದ್ದರೆ, ಅದು ಅವತ್ತು ಸತ್ತಿತು.

ಭಾನುವಾರದ ತರಗತಿಗಳು ಒಂದು ಪ್ರಾಥಮಿಕ ಶಾಲೆಯಲ್ಲಿ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಗದ್ದಕ್ಕೆ ತಾಗಿಸಿ ಕೂರುತ್ತಿದ್ದರು. ಮೇಷ್ಟ್ರು ಅದೇ ಪುಸ್ತಕವನ್ನು ಮೊದಲಿಂದ ಗಟ್ಟಿಯಾಗಿ ಓದುತ್ತಿದ್ದರು. ಪುಟ ತಿರುವುವಾಗ ‘ಅರ್ಥ ಆಯ್ತಲ್ಲ?’ ಎನ್ನುತ್ತಿದ್ದರು.

‘ಇಲ್ಲ’ ಎಂದಳು ಕತ್ತರಿ ಮೊದಲ ದಿನ.

ಮೇಷ್ಟ್ರು ಗಾಬರಿಯಾಗಿ ಅದೇ ಪುಟವನ್ನು ಇನ್ನೊಂದು ಸಲ ಓದಿದರು, ಇನ್ನೂ ಗಟ್ಟಿಯಾಗಿ.

ಸಹಪಾಠಿಗಳ ಬಗ್ಗೆ ಅವಳು ಗಂಡನಿಗೆ ವರದಿ ಒಪ್ಪಿಸುತ್ತಿದ್ದಳು. ‘ಒಬ್ಬ ವಿಮೆ ಏಜೆಂಟ್ ಇದಾನೆ. ಪರಮಾಣು ಒಡೆಯುತ್ತೆ ಅಂದ್ರೂ ಅದಕ್ಕೊಂದು ಪಾಲಿಸಿ ಇದೆ ಅಂತಾನೆ. ಇನ್ನೊಬ್ಬ ಪೊಲೀಸಪ್ಪ. ಪ್ರಮೋಷನ್ನಿಗೆ ಡಿಗ್ರಿ ಬೇಕಂತೆ. ಬಂದು ಕೂರ್ತಾನೆ, ನಿದ್ದೆ ಹೋಗ್ತಾನೆ, ಮೇಷ್ಟ್ರು ನಿಲ್ಲಿಸಿದ ಕೂಡಲೇ ಎದ್ದು ಸೆಲ್ಯೂಟ್ ಹೊಡೆಯೋ ಹಾಗೆ ನೋಡ್ತಾನೆ. ಒಬ್ರಿಗಾದ್ರೂ ವಿಜ್ಞಾನ ಬೇಕಾಗಿಲ್ಲ. ಎಲ್ರಿಗೂ ಕಾಗದ ಬೇಕು.’

‘ನಿನಗೆ?’ ಎಂದ ಗಂಡ.

‘ನಿಮ್ಮ ತಮ್ಮನ ಹೆಂಡತಿ ಮೂಗು ಕೆಳಗಿಳಿಸೋದು ಬೇಕು.’

‘ಅದೂ ವಿಜ್ಞಾನ ಅಲ್ವಲ್ಲ’ ಎಂದು ಅವನು ಮಗ್ಗುಲು ಬದಲಿಸಿದ.

ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ ಬಂತು. ಊರಿನ ಒಂದು ಕಾಲೇಜಿನ ಪ್ರಯೋಗಾಲಯ, ಕೊಟ್ಟ ಕೆಲಸ ಟೈಟ್ರೇಶನ್. ಫ್ಲಾಸ್ಕಿನಲ್ಲಿರುವ ಆಮ್ಲಕ್ಕೆ ಮೇಲಿನ ಉದ್ದ ಗಾಜಿನ ಕೊಳವೆ, ಅಂದರೆ ಬ್ಯುರೆಟ್ಟಿನಿಂದ, ಕ್ಷಾರವನ್ನು ಹನಿಹನಿಯಾಗಿ ಬಿಡಬೇಕು. ನಸುಗುಲಾಬಿ ಬಣ್ಣ ಬಂದು ನಿಂತ ಕೂಡಲೇ ನಿಲ್ಲಿಸಿ, ಎಷ್ಟು ಇಳಿಯಿತು ಎಂದು ಬರೆಯಬೇಕು.

ಪ್ರಯೋಗಾಲಯದ ಅಟೆಂಡರು ಮೇಜುಗಳ ನಡುವೆ ಸುಳಿಯುತ್ತ ಎಲ್ಲರ ಕಿವಿಯಲ್ಲೂ ಒಂದು ಸಂಖ್ಯೆ ಉಸುರಿದ. ‘ಪ್ರತಿ ವರ್ಷ ಇದೇ ಬರೋದು. ಸುಮ್ನೆ ಬರ್ಕೊಳ್ಳಿ.’ ಪೊಲೀಸಪ್ಪ ಬರೆದುಕೊಂಡ. ಏಜೆಂಟ್ ಬರೆದುಕೊಂಡು ಅಟೆಂಡರಿನ ಫೋನ್ ನಂಬರನ್ನೂ ಬರೆದುಕೊಂಡ. ಗಾಜಿನ ಪಾತ್ರೆಗಳು ಒಣಗಿದ್ದ ಹಾಗೆಯೇ ಇದ್ದವು.

ಕತ್ತರಿ ಅಟೆಂಡರನ್ನು ಕೊಳಕು ಟವೆಲ್ ನೋಡುವಂತೆ ನೋಡಿದಳು. ಅವನು ಬೇರೆ ಕಡೆ ಹೋದ. ಅವಳು ಕೊಟ್ಟ ಗಾಜನ್ನೆಲ್ಲ ನೀರಿನಲ್ಲಿ ತೊಳೆದಳು. ಪುಸ್ತಕದಲ್ಲಿ ಹೇಳಿದಂತೆ ಬ್ಯುರೆಟ್ಟನ್ನು ಅದರಲ್ಲಿ ತುಂಬುವ ದ್ರಾವಣದಿಂದಲೇ ಮತ್ತೊಮ್ಮೆ ಜಾಲಾಡಿದಳು, ಆಮ್ಲ ಅಳೆದು ಹಾಕುವ ಪಿಪೆಟ್ಟನ್ನೂ ಹಾಗೆಯೇ. ತೊಳೆಯುವುದರಲ್ಲಿ ಅವಳಿಗೆ ಯಾರ ಪಾಠವೂ ಬೇಕಿರಲಿಲ್ಲ. ಹಾಗಾಗಿ ಫ್ಲಾಸ್ಕನ್ನೂ ಆಮ್ಲ ಹಾಕಿ ಜಾಲಾಡಿ ಚೆಲ್ಲಿದಳು. ಮೂರು ಸಲ ಮಾಡಿದಳು. ಮೂರು ಸಲವೂ ಅಟೆಂಡರಿನದಕ್ಕಿಂತ ಬೇರೆ ಸಂಖ್ಯೆಯೇ ಬಂತು. ಅವಳ ಎದೆ ಉಬ್ಬಿತು.

ಪರೀಕ್ಷಕಿ ಬೇರೆ ಕಡೆಯಿಂದ ಬಂದಿದ್ದ ಹೆಂಗಸು. ಹತ್ತಿಯ ಸೀರೆ, ಕುತ್ತಿಗೆಗೆ ನೇತುಬಿಟ್ಟ ಕನ್ನಡಕ. ಎಲ್ಲರ ಉತ್ತರವನ್ನೂ ನೋಡುತ್ತ ಬಂದು ಕತ್ತರಿಯ ಮೇಜಿನ ಬಳಿ ನಿಂತರು.

‘ನಿಮ್ಮದೊಂದೇ ಬೇರೆ ಇದೆಯಲ್ಲ?’

‘ನನ್ನದು ನಾನು ಮಾಡಿದ್ದು ಮೇಡಂ’ ಎಂದಳು ಕತ್ತರಿ, ಇಡೀ ಕೋಣೆಗೆ ಕೇಳುವಂತೆ. ‘ಅವರದೆಲ್ಲ ಅಟೆಂಡರ್ ಹೇಳಿದ್ದು. ಅವರ ಫ್ಲಾಸ್ಕ್ ಮುಟ್ಟಿ ನೋಡಿ, ನೀರೂ ಬಿದ್ದಿಲ್ಲ.’

ಪರೀಕ್ಷಕಿ ಒಂದೊಂದೇ ಫ್ಲಾಸ್ಕನ್ನು ಮುಟ್ಟಿ ನೋಡಿದರು. ಆಮೇಲೆ ವಾಪಸು ಬಂದು, ‘ಈ ಸಲದ ದ್ರಾವಣ ಬೆಳಿಗ್ಗೆ ನಾನೇ ಹೊಸದಾಗಿ ಮಾಡಿಸಿದ್ದು. ಅವರು ಬರೆದದ್ದು ಹಳೇ ವರ್ಷದ ಉತ್ತರ. ಎಲ್ಲರೂ ಫೇಲು’ ಎಂದರು.

ಕತ್ತರಿಯ ಮುಖ ಬೆಳಗಿತು.

‘ನೀವೂ’ ಎಂದರು ಪರೀಕ್ಷಕಿ. ‘ಫ್ಲಾಸ್ಕನ್ನ ಯಾವುದರಲ್ಲಿ ತೊಳೆದ್ರಿ?’

‘ಅದೇ ಆಮ್ಲದಲ್ಲಿ. ಚೊಕ್ಕಟವಾಗಿರಲಿ ಅಂತ.’

‘ಬ್ಯುರೆಟ್ಟು, ಪಿಪೆಟ್ಟು ಹಾಗೆ ತೊಳೀಬೇಕು. ಫ್ಲಾಸ್ಕಿಗೆ ಬರೀ ನೀರು. ಒಳಗೆ ಅಂಟಿಕೊಂಡ ಆಮ್ಲ ನೀವು ಅಳೆದು ಹಾಕಿದ್ದರ ಜತೆ ಸೇರ್ಕೊಳ್ತು. ಅದಕ್ಕೇ ನಿಮ್ಮ ರೀಡಿಂಗ್ ಜಾಸ್ತಿ ಬಂದಿರೋದು. ಪುಸ್ತಕದಲ್ಲಿದೆ.’ ಕನ್ನಡಕ ಮೂಗಿಗೇರಿಸಿ ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ‘ಅಷ್ಟು ಗಟ್ಟಿಯಾಗಿ ಮಾತಾಡೋಕೆ ಮುಂಚೆ ಪುಟ ತಿರುವಬೇಕಿತ್ತು.’

ಜನರನ್ನು ಹಾಗೆ ನೋಡುವುದು ಇಲ್ಲಿಯವರೆಗೆ ಕತ್ತರಿಯ ಕೆಲಸವಾಗಿತ್ತು. ತನ್ನನ್ನು ಒಬ್ಬರು ಹಾಗೆ ನೋಡಿದ್ದು ಅದೇ ಮೊದಲು. ಕಿವಿ ಕಾದ ಇಸ್ತ್ರಿಯ ಹಾಗೆ ಬಿಸಿಯಾಯಿತು.

ಮೆಟ್ಟಿಲಲ್ಲಿ ಪೊಲೀಸಪ್ಪ ಅಡ್ಡ ನಿಂತ. ‘ನನ್ನ ಪ್ರಮೋಷನ್ ನುಂಗಿದ್ರಲ್ಲ ಅಕ್ಕ. ಹೋಗ್ಲಿ, ನೀವಾದ್ರೂ ಪಾಸಾದ್ರಾ? ಅದೂ ಇಲ್ಲ. ಕೋತಿ ತಾನೂ ಕೆಟ್ಟು ವನಾನೂ ಕೆಡಿಸ್ತಂತೆ.’

ಅವಳು ಅವನನ್ನು ಬಳಸಿಕೊಂಡು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಕೂತಾಗ ಹತ್ತು ಉತ್ತರ ಹೊಳೆದವು. ಎಲ್ಲವೂ ಸೊಗಸಾಗಿದ್ದವು, ಒಂದೂ ನಿಜವಾಗಿರಲಿಲ್ಲ.

ಸುದ್ದಿ ಓರಗಿತ್ತಿಗೆ ಮುಟ್ಟಿತು. ‘ಪಾಪ ಅಕ್ಕ, ಈ ವಯಸ್ಸಿಗೆ ಇಷ್ಟು ಮಾಡಿದ್ದೇ ದೊಡ್ಡದು’ ಎಂದಳು, ಎಲ್ಲರೂ ಊಟಕ್ಕೆ ಕೂತಿದ್ದಾಗ. ಆ ‘ಪಾಪ’ ಎಂಬುದನ್ನು ಕತ್ತರಿ ತುತ್ತಿನ ಜತೆ ನುಂಗಿದಳು. ಈ ಸಲ ನಕ್ಕವರಲ್ಲಿ ಮಗಳು ಇರಲಿಲ್ಲ. ‘ಚಿಕ್ಕಮ್ಮ, ನೀವು ಫ್ಲಾಸ್ಕನ್ನ ಯಾವುದರಲ್ಲಿ ತೊಳೀತೀರ?’ ಎಂದು ಕೇಳಿದಳು. ಓರಗಿತ್ತಿ ಅನ್ನಕ್ಕೆ ಸಾರು ಹಾಕಿಕೊಳ್ಳುತ್ತ, ‘ಅದನ್ನ ಅಟೆಂಡರ್ ತೊಳೆದು ಕೊಡ್ತಾನೆ’ ಎಂದಳು. ಕತ್ತರಿಗೆ ಇದರಿಂದ ಬಹಳ ಸುಖವಾಗಬೇಕಿತ್ತು. ಆಗಲಿಲ್ಲ. ಗೊತ್ತಿಲ್ಲದಿದ್ದುದು ತನಗೂ ತಾನೆ.

ಮರುಪರೀಕ್ಷೆ ಕೆಲವು ತಿಂಗಳ ಮೇಲೆ ನಡೆಯಿತು. ಯಾರೂ ಅವಳ ಪಕ್ಕದ ಮೇಜಿಗೆ ಬರಲಿಲ್ಲ. ಅಟೆಂಡರು ಬದಲಾಗಿದ್ದ. ಅವಳು ಫ್ಲಾಸ್ಕನ್ನು ಬರೀ ನೀರಿನಲ್ಲಿ ತೊಳೆದು, ಹನಿಹನಿಯಾಗಿ ಬಿಟ್ಟು, ಬಣ್ಣ ನಿಂತದ್ದನ್ನು ನೋಡಿ ಬರೆದಳು. ಪಾಸಾದಳು, ತೀರ ಸಾಧಾರಣವಾಗಿ. ಆಚೆ ಮೇಜಿನ ಪೊಲೀಸಪ್ಪ ಲಾಠಿ ಹಿಡಿಯುವ ಕೈಯಲ್ಲಿ ಗಾಜು ಹಿಡಿದು ಒಂದನ್ನು ಒಡೆದ. ಆದರೂ ಹೇಗೋ ಪಾರಾದ.

ಹೊರಗೆ ಕಾರಿಡಾರಿನಲ್ಲಿ ಅವನೇ ಮಾತಿಗೆ ಬಂದ, ಗೋಡೆಯ ಕಡೆ ನೋಡುತ್ತ. ‘ಅಕ್ಕ, ಫಿಸಿಕ್ಸ್ ನೋಟ್ಸ್ ಇದೆಯಾ ನಿಮ್ಮತ್ರ?’

‘ಇದೆ. ಕೊಡಲ್ಲ’ ಎಂದಳು ಕತ್ತರಿ. ನಾಲ್ಕು ಹೆಜ್ಜೆ ಹೋಗಿ ನಿಂತಳು. ‘ಅಂಗಡಿ ರಜಾದ ದಿನ ಮಧ್ಯಾಹ್ನ ಬನ್ನಿ. ಓನರ್‌ಗೆ ಹೇಳಿರ್ತೀನಿ. ಕೂತು ಓದಿದ್ರೆ ಓದಿ, ನಿದ್ದೆ ಮಾಡಿದ್ರೆ ಹ್ಯಾಂಗರಿಗೆ ನೇತುಹಾಕ್ತೀನಿ.’

ಅವನು ಬಂದ. ಏಜೆಂಟನೂ ಬಂದ, ಪಾಲಿಸಿ ಕಾಗದಗಳನ್ನು ಮನೆಯಲ್ಲೇ ಬಿಟ್ಟು ಬರಬೇಕೆಂಬ ಷರತ್ತಿನ ಮೇಲೆ. ತೂಗುವ ಕೋಟುಗಳ ಕೆಳಗೆ, ಕಲೆ ತೆಗೆಯುವ ಮೇಜಿನ ಸುತ್ತ ಮೂವರೂ ಕೂರುತ್ತಿದ್ದರು. ಕತ್ತರಿ ಲೆಕ್ಕ ಬಿಡಿಸುತ್ತ ಬೈಯುತ್ತಿದ್ದಳು. ಅವಳು ತಪ್ಪಿದಾಗ ಪೊಲೀಸಪ್ಪ ಕೆಮ್ಮುತ್ತಿದ್ದ. ಅವಳು ತಲೆ ಎತ್ತಿ ‘ಏನು?’ ಎನ್ನುತ್ತಿದ್ದಳು. ಅವನು ಬೆರಳು ತೋರಿಸುತ್ತಿದ್ದ. ಅವಳು ಅಳಿಸಿ ಸರಿಮಾಡುತ್ತಿದ್ದಳು, ಧನ್ಯವಾದ ಹೇಳುತ್ತಿರಲಿಲ್ಲ. ಪುಸ್ತಕ ಬರೆದವನನ್ನು ಮೂವರೂ ಸೇರಿ ಬೈದರು. ಅದೊಂದರಲ್ಲಿ ಅವರಿಗೆ ಪೂರ್ಣ ಒಮ್ಮತವಿತ್ತು.

ಲಿಖಿತ ಪರೀಕ್ಷೆಯ ಫಲಿತಾಂಶ ಬಂದ ದಿನ ಕತ್ತರಿ ಕೆಮಿಸ್ಟ್ರಿಯಲ್ಲಿ ಪಾಸಾಗಿದ್ದಳು, ಫಿಸಿಕ್ಸಿನಲ್ಲಿ ಫೇಲಾಗಿ ಬಾಲ ಸಿಕ್ಕಿಕೊಂಡಿತ್ತು. ಪೊಲೀಸಪ್ಪ ಎರಡರಲ್ಲೂ ಪಾಸು. ಅದೂ ಫಿಸಿಕ್ಸಿನಲ್ಲಿ ಇಡೀ ಕೇಂದ್ರಕ್ಕೇ ಹೆಚ್ಚು ಅಂಕ. ಸಮವಸ್ತ್ರದಲ್ಲೇ ಅಂಗಡಿಗೆ ಓಡಿ ಬಂದು ಕಟ್ಟೆಯ ಎದುರು ನಿಂತ. ಟೋಪಿ ತೆಗೆದ.

‘ನಿಮ್ಮ ಪೇಪರ್ ತಿದ್ದಿದವನು ಕುರುಡ ಇರ್ಬೇಕು’ ಎಂದಳು ಕತ್ತರಿ. ಅವನ ತೋಳಿನ ಮೇಲಿದ್ದ ಜಿಡ್ಡಿನ ಮಚ್ಚೆ ನೋಡಿ, ‘ಅಂಗಿ ಬಿಚ್ಚಿಕೊಡಿ. ಹೀಗೆ ಹೋಗಿ ಸಾಹೇಬರ ಮುಂದೆ ನಿಂತ್ಕೋತೀರಾ?’ ಎಂದಳು.

ಬನಿಯನ್ನಿನಲ್ಲಿ ಕೂತ ಪೊಲೀಸಪ್ಪನಿಗೆ ಒಂದು ಸ್ಟೂಲು ಕೊಟ್ಟು, ಫಿಸಿಕ್ಸ್ ಪುಸ್ತಕವನ್ನು ಅವನ ತೊಡೆಯ ಮೇಲೆ ಎಸೆದಳು.

‘ನಾನು ಮುಗಿಸೋವರೆಗೆ ಮೂರನೇ ಪಾಠ ಗಟ್ಟಿಯಾಗಿ ಓದಿ. ಮೇಷ್ಟ್ರ ಹಾಗೆ ಬೇಡ, ಮನುಷ್ಯರ ಹಾಗೆ.’

ಅವನು ಓದತೊಡಗಿದ.