ಹೊಗೆಸೊಪ್ಪಿನ ಟ್ರೇಯಲ್ಲಿ ಅತ್ತೆಯ ಈರುಳ್ಳಿ

ಇವತ್ತು ಮಾಡಿದ ಕೆಲಸ ಇಷ್ಟು. ಕೊಟ್ಟಿಗೆ ಬಾಚಿದೆ, ಬಾಗಿಲಿಗೆ ನೀರು ಹಾಕಿದೆ. ಡೈರಿಗೆ ಹಾಲು ಹಾಕಿ ಬಂದೆ. ಹುರುಳಿಕಾಳು ನೆನೆಸಿದೆ. ನಮ್ಮ ಮನೆಯವರ ಅಂಗಿಗೆ ಎರಡು ಗುಂಡಿ ಹೊಲಿದೆ. ನಿನ್ನೆ ಒಣಗದ ಬಟ್ಟೆಯನ್ನು ಒಲೆಯ ಹತ್ತಿರ ಹರವಿದೆ. ಹೊಲಕ್ಕೆ ಹೋಗಿ, ಸತ್ತ ಹೊಗೆಸೊಪ್ಪಿನ ಸಸಿಗಳ ಜಾಗಕ್ಕೆ ಬೇರೆ ಸಸಿ ಊರಿ ಬಂದೆವು. ಇದರ ನಡುವೆ ನಾಲ್ಕು ಸಲ ಜಗಲಿಗೆ ಹೋಗಿ, ಒದ್ದೆ ಗೋಣಿತಾಟು ಎತ್ತಿ, ಕೆಳಗಿದ್ದ ಕಪ್ಪು ಟ್ರೇ ನೋಡಿದೆ. ಏನೂ ಇರಲಿಲ್ಲ. ಮತ್ತೆ ಮುಚ್ಚಿದೆ.

ಆ ಟ್ರೇಯಲ್ಲಿ ಇದ್ದದ್ದು ನಲವತ್ಮೂರು ಈರುಳ್ಳಿ ಬೀಜ. ಹಾಕಿ ಇವತ್ತಿಗೆ ಹತ್ತು ದಿನ. ಅವು ಹುಟ್ಟದಿದ್ದರೆ ನಮ್ಮ ಅತ್ತೆಯ ಈರುಳ್ಳಿ ಇನ್ನಿಲ್ಲ.

ಅತ್ತೆಯ ಈರುಳ್ಳಿ ಅಂತ ನಾವು ಕರೆಯುವುದು ಸುಮ್ಮನೆ ಅಲ್ಲ. ಅವರ ತವರು ವೀರನಹೊಸಹಳ್ಳಿಯ ಹತ್ತಿರ, ಕಾಡಿನ ಅಂಚು. ಮದುವೆಯಾಗಿ ನಮ್ಮೂರು ಗಾವಡಗೆರೆ ಕಡೆಗೆ ಬರುವಾಗ ಅವರ ತಾಯಿ ಮಡಿಲಕ್ಕಿ ತುಂಬಿ, ಅಕ್ಕಿಯ ಒಳಗೆ ಒಂದು ಬಟ್ಟೆಗಂಟು ಇಟ್ಟರಂತೆ. ಗಂಟಿನಲ್ಲಿ ಬೂದಿ, ಬೂದಿಯೊಳಗೆ ಈರುಳ್ಳಿ ಬೀಜ. ಮಧ್ಯಾಹ್ನ ಮಲಗಿ ಅರೆನಿದ್ದೆಯಲ್ಲಿದ್ದಾಗ ಅತ್ತೆ ಆ ಹಿತ್ತಲಿನ ಕತೆ ಹೇಳುತ್ತಾರೆ. ಬಾವಿಯ ಪಕ್ಕ ಹೊಂಗೆ ಮರ, ಮರದ ನೆರಳು ಮುಗಿಯುವ ಕಡೆ ಈರುಳ್ಳಿ ಮಡಿ, ಬೆಳಗಿನ ಹೊತ್ತು ಕಾಡಿನಿಂದ ಇಳಿದು ಬಂದು ಮಡಿಯ ಮೇಲೆ ನಿಲ್ಲುವ ಮಂಜು. ನಾನು ಆ ಹಿತ್ತಲನ್ನು ನೋಡಿಲ್ಲ. ಆದರೂ ಕೇಳಿ ಕೇಳಿ, ಕಣ್ಣು ಮುಚ್ಚಿದರೆ ಅಲ್ಲಿ ಓಡಾಡಬಲ್ಲೆ, ಬಾವಿಕಟ್ಟೆಯ ಯಾವ ಕಲ್ಲು ಅಲುಗುತ್ತದೆ ಅಂತಲೂ ಹೇಳಬಲ್ಲೆ. ಈಗ ಅಲ್ಲಿ ಹಿತ್ತಲೂ ಇಲ್ಲ, ಮಡಿಯೂ ಇಲ್ಲ. ಎಲ್ಲವನ್ನೂ ಕೇರಳದ ಕಡೆಯವರಿಗೆ ಶುಂಠಿ ಬೆಳೆಯಲು ಕೊಟ್ಟಿದ್ದಾರೆ.

ಈ ಈರುಳ್ಳಿ ದಪ್ಪವಿಲ್ಲ. ನಿಂಬೆಹಣ್ಣಿಗಿಂತ ಒಂಚೂರು ದೊಡ್ಡದು, ಚಪ್ಪಟೆ, ಕಡುಗೆಂಪು. ಕಚ್ಚಿದರೆ ಕಿವಿ ಬೆಚ್ಚಗಾಗುವಷ್ಟು ಖಾರ. ಜೂನಿನಲ್ಲಿ ಬೀಜ ಹಾಕುವುದು, ಸಸಿ ಗೇಣುದ್ದ ಆದ ಮೇಲೆ ಹಿತ್ತಲಿನ ಮಡಿಗೆ ನೆಡುವುದು, ದಸರಾ ಕಳೆದ ಮೇಲೆ ಕೀಳುವುದು. ಗಟ್ಟಿಯಾದ ಇಪ್ಪತ್ತು ಗೆಡ್ಡೆ ಆರಿಸಿ ಒಲೆಯ ಮೇಲೆ ತೂಗುಹಾಕಿ, ಚಳಿ ಶುರುವಾದಾಗ ಮತ್ತೆ ನೆಲಕ್ಕೆ ಊರಿದರೆ ಅವು ಹೂ ಬಿಟ್ಟು ಬೀಜ ಕೊಡುತ್ತವೆ. ಈರುಳ್ಳಿ ಬೀಜ ವರ್ಷ ದಾಟಿದರೆ ನೆಚ್ಚುವ ಹಾಗಿಲ್ಲ. ಹಾಗಾಗಿ ಒಂದು ವರ್ಷವೂ ತಪ್ಪುವಂತಿಲ್ಲ. ಅತ್ತೆ ತಪ್ಪಿಸಿದವರೂ ಅಲ್ಲ.

ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ. ಹಿತ್ತಲಿನಲ್ಲಿ ಇಪ್ಪತ್ತು ಗೆಡ್ಡೆಯ ಹೂದಂಟುಗಳೂ ಮಂಡಿಯೆತ್ತರ ನಿಂತಿದ್ದವು. ಒಂದೊಂದರ ತುದಿಯಲ್ಲೂ ಬಿಳಿ ಹೂವಿನ ಉಂಡೆ, ಉಂಡೆಯ ಸುತ್ತ ತುಡುವೆ ಜೇನು. ನಾನು ಬಟ್ಟೆ ಒಗೆಯುತ್ತಿದ್ದೆ. ನಮ್ಮ ಮನೆಯವರು ಮೊಬೈಲು ಕಿವಿಗಿಟ್ಟುಕೊಂಡು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ತಗಡು ಬದಲಾಯಿಸುವ ವಿಷಯ ಯಾರೊಂದಿಗೋ ಮಾತಾಡುತ್ತಾ ಮಡಿಯ ಪಕ್ಕ ಹಿಂದೆ ಮುಂದೆ ನಡೆಯುತ್ತಿದ್ದರು. ಮಾತು ಬಾಯಲ್ಲಿ ನಡೆದಿತ್ತು, ಇನ್ನೊಂದು ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಹೊಗೆಸೊಪ್ಪು ಬೆಳೆಯುವವರಿಗೆ ಗೊತ್ತು, ಗಿಡ ಹೂ ಬಿಡಲು ಹೊರಟ ಕೂಡಲೇ ತುದಿ ಮುರಿಯಬೇಕು. ಇಲ್ಲದಿದ್ದರೆ ಎಲೆ ದಪ್ಪ ಬರುವುದಿಲ್ಲ. ಮೂವತ್ತು ವರ್ಷ ಹೂ ಕಂಡಲ್ಲೆಲ್ಲ ಮುರಿದ ಕೈ ಅದು. ಇಪ್ಪತ್ತು ದಂಟನ್ನೂ ಬುಡಕ್ಕೆ ಹತ್ತಿರವೇ ಒಂದೊಂದಾಗಿ ಮುರಿದು ನೆಲಕ್ಕೆ ಬಿಟ್ಟಿತು.

ನಾನು ಅದನ್ನು ನೋಡಿದೆ. ಅದನ್ನೇ ಇವತ್ತಿಗೂ ನನಗೆ ನಾನು ಹೇಳಿಕೊಳ್ಳುವುದು. ಸೋಪು ಹಚ್ಚುತ್ತಾ ಕತ್ತೆತ್ತಿ ನೋಡಿದೆ, ಆ ಕೈ ಆಡುತ್ತಿದ್ದ ರೀತಿ ಕಂಡಿತು, ತಪ್ಪು ಅಂತ ಅನಿಸಲೇ ಇಲ್ಲ. ನಾನೂ ಇಪ್ಪತ್ತೈದು ವರ್ಷ ಅದೇ ಸಾಲುಗಳಲ್ಲಿ ಅವರ ಹಿಂದೆ ತುದಿ ಮುರಿಯುತ್ತಾ ನಡೆದವಳು. ಬೆಳಗಿನ ಬಿಸಿಲು, ಜೇನಿನ ಸದ್ದು, ನೊರೆಯ ತಂಪು. ಎಲ್ಲ ಸರಿಯಾಗಿಯೇ ಇದೆ ಅಂತ ಅನಿಸಿತ್ತು.

ಅತ್ತೆ ಕರಿಬೇವಿಗೆ ಅಂತ ಹೊರಗೆ ಬಂದರು. ಅವರಿಗೆ ಕಣ್ಣು ಮಂಜು. ಕಾಲಿಗೆ ಏನೋ ಸಿಕ್ಕಿ, ಬಗ್ಗಿ ಎತ್ತಿ, ಬೆರಳಲ್ಲಿ ಸವರಿ ನೋಡಿದರು.

"ಯಾರ್ಲಾ ಇದ ಮುರ್ದಿದ್ದು?"

ನಮ್ಮ ಮನೆಯವರು ಮೊಬೈಲು ಇಳಿಸಿ ತಮ್ಮ ಕೈ ನೋಡಿಕೊಂಡರು. ಬೆರಳಿನಲ್ಲಿ ಹಸಿರು ರಸ ಇತ್ತು.

"ನಾನೇ ಕಣವ್ವ."

"ಒಗೆಸೊಪ್ಪು ಅನ್ಕಂಡ್ಯಾ?"

"ಏನೂ ಅನ್ಕಂಡಿರ್ನಿಲ್ಲ ಕಣವ್ವ. ಕೈ ತನ್ ಪಾಡಿಗೆ ಮುರ್ದ್ಬುಡ್ತು."

ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಎರಡು ದಿನದಲ್ಲಿ ಮುಗಿಯುತ್ತಿತ್ತು. ತಿನ್ನಲು ಇಟ್ಟಿದ್ದ ಗೆಡ್ಡೆಗಳು ಆಗಲೇ ಸಾರು ಸೇರಿ ಮುಗಿದಿದ್ದವು, ಇದ್ದಿದ್ದರೂ ಚಳಿ ಕಳೆದ ಮೇಲೆ ಊರಿ ಪ್ರಯೋಜನವಿರಲಿಲ್ಲ. ಅವರು ನೆಲದಲ್ಲಿ ಕೂತು ದಂಟುಗಳನ್ನು ಒಟ್ಟು ಮಾಡಿದರು. ಒಂದೊಂದು ಉಂಡೆಯನ್ನೂ ಬೆರಳಿನ ನಡುವೆ ಮೆಲ್ಲಗೆ ಒತ್ತಿದರು. ಮೆತ್ತಗಿದ್ದವನ್ನು ಪಕ್ಕಕ್ಕೆ ಹಾಕಿದರು. ಮೊದಲು ಅರಳಿದ್ದ ಏಳು ಉಂಡೆಗಳಲ್ಲಿ ಹೂ ಉದುರಿ ಹಸಿರು ಕಾಯಿ ಕಟ್ಟಿತ್ತು. ಆ ಏಳನ್ನು ಚೊಂಬಿನ ನೀರಿಗೆ ಇಳಿಸಿ, ಪಡಸಾಲೆಯ ಕಿಟಕಿಯಲ್ಲಿ ಇಟ್ಟರು. ದಿನಾ ಬೆಳಿಗ್ಗೆ ನೀರು ಬದಲಾಯಿಸುವರು.

ಪಕ್ಕದ ಮನೆಯವಳು ಮಜ್ಜಿಗೆಗೆ ಬಂದವಳು ಅದನ್ನು ನೋಡಿ ಸುಮ್ಮನಿರಲಿಲ್ಲ. "ಏನತ್ತೆ, ಊದಾನಿ ಮಡಗಿದ್ದೀರ? ಎಣ್ಣು ನೋಡಕ್ಕೆ ಬತ್ತಾವ್ರಾ?"

"ಊ ಕಣಮ್ಮಿ. ನಿನ್ ಗಂಡುಂಗೆ ಇನ್ನೊಂದು ತರವಾ ಅಂತ."

ಅವಳು ನಕ್ಕು ಮಜ್ಜಿಗೆ ತುಂಬಿಸಿಕೊಂಡು ಹೋದಳು. ಅತ್ತೆ ಎಲ್ಲರೊಂದಿಗೂ ಹೀಗೇ ಇದ್ದರು. ಮಗನೊಂದಿಗೂ ಮಾತು ಬಿಟ್ಟಿರಲಿಲ್ಲ. ಒಂದೇ ಒಂದು ಬದಲಾಗಿತ್ತು. ನನ್ನ ಮದುವೆಯಾದಾಗಿನಿಂದ ನಾನು ನೋಡಿದ ಹಾಗೆ, ಮಗ ಮುದ್ದೆಗೆ ಕೂತಾಗ ಅತ್ತೆ ಒಂದು ಈರುಳ್ಳಿಯನ್ನು ನೆಲಕ್ಕಿಟ್ಟು, ಮುಷ್ಟಿಯಿಂದ ಗುದ್ದಿ, ಸಿಪ್ಪೆ ತೆಗೆದು ತಟ್ಟೆಯ ಅಂಚಿಗೆ ಇಡುವರು. ಆ ದಿನದಿಂದ ಗುದ್ದಲಿಲ್ಲ. ಹುಣಸೂರಿನ ಸಂತೆಯಿಂದ ತಂದ ಈರುಳ್ಳಿ ಬುಟ್ಟಿ ತುಂಬ ಇತ್ತು. ನಾನು ಒಂದು ಸಲ ಹೆಚ್ಚಿ ಇಟ್ಟೆ. ನಮ್ಮ ಮನೆಯವರು ಅದನ್ನು ಮುಟ್ಟದೆ ಎದ್ದರು. ಮತ್ತೆ ನಾನು ಇಡಲಿಲ್ಲ. ಅತ್ತೆಗೆ ರಾತ್ರಿ ನಿದ್ದೆ ಬರದಾಯಿತು. ನಾವೆಲ್ಲ ಮಲಗಿದ ಮೇಲೂ ಅವರ ಬಳೆ ಸದ್ದು ಕೇಳುತ್ತಿತ್ತು.

ಮೂರು ವಾರಕ್ಕೆ ಚೊಂಬಿನಲ್ಲಿದ್ದ ದಂಟು ಹಳದಿಯಾಯಿತು. ಕಾಯಿ ಒಣಗಿ ಬಿರಿದು, ಕಿಟಕಿಯ ಮೇಲೆ ಹಾಸಿದ್ದ ಪೇಪರಿನಲ್ಲಿ ಕಪ್ಪು ಬೀಜ ಉದುರಿದವು. ಅತ್ತೆ ಅವನ್ನು ಬಟ್ಟಲು ನೀರಿಗೆ ಹಾಕಿಸಿದರು. ಮುಕ್ಕಾಲು ಪಾಲು ತೇಲಿದವು. ತೇಲಿದ್ದರಲ್ಲಿ ಜೀವ ಇಲ್ಲ. ಮುಳುಗಿದ್ದನ್ನು ಎಣಿಸು ಅಂದರು, ಎಣಿಸಿದೆ, ನಲವತ್ಮೂರು. ನೆರಳಿನಲ್ಲಿ ಒಣಗಿಸಿ, ಬೂದಿಯೊಂದಿಗೆ ಬಟ್ಟೆಯಲ್ಲಿ ಕಟ್ಟಿ, ತಮ್ಮ ಸೀರೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಜೂನಿನ ಮೊದಲ ಮಳೆ ಬಿದ್ದ ಮಾರನೆಯ ದಿನ ಗಂಟು ಹೊರಬಂತು. ನಾನು ಕೈ ಚಾಚಿದೆ. ಅತ್ತೆ ಕೊಡಲಿಲ್ಲ.

"ಮುರ್ದೋನೇ ಆಕ್ಲಿ," ಅಂದರು.

ನಮ್ಮ ಮನೆಯವರು ಆ ದಿನ ಹೊಲಕ್ಕೆ ಹೋಗಲಿಲ್ಲ. ಹೊಗೆಸೊಪ್ಪಿನ ಸಸಿ ಎಬ್ಬಿಸುವ ಕಪ್ಪು ಟ್ರೇ ಒಂದನ್ನು ತಂದು, ವಾಸನೆ ಹೋಗುವವರೆಗೆ ಮೂರು ನೀರಿನಲ್ಲಿ ತೊಳೆದರು. ಗುಣಿಗಳಿಗೆ ತೆಂಗಿನ ನಾರಿನ ಪುಡಿ ತುಂಬಿದರು. ಪೊರಕೆಕಡ್ಡಿಯ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು, ಅದಕ್ಕೆ ಒಂದು ಬೀಜ ಅಂಟಿಸಿ, ಒಂದು ಗುಣಿಗೆ ಇಳಿಸುವರು. ಹೊಗೆಸೊಪ್ಪಿನ ಬೀಜ ಇನ್ನೂ ಸಣ್ಣದು, ಅದನ್ನು ಕಣ್ಣು ಮುಚ್ಚಿ ಹಾಕುವವರು ಈ ನಲವತ್ಮೂರಕ್ಕೆ ಒಂದು ಮಧ್ಯಾಹ್ನ ತೆಗೆದುಕೊಂಡರು. ಅರ್ಧ ಟ್ರೇಯೂ ತುಂಬಲಿಲ್ಲ. ಅತ್ತೆ ಪಕ್ಕದಲ್ಲಿ ಗೋಡೆಗೊರಗಿ ಕೂತಿದ್ದರು. ಹೆಂಚಿನ ಮೇಲೆ ತುಂತುರು ಬೀಳುತ್ತಿತ್ತು. ನನಗೆ ಆ ಜಗಲಿ, ನಾನು ಕಾಣದ ಆ ಕಾಡಿನಂಚಿನ ಹಿತ್ತಲಿನ ಹಾಗೆಯೇ ತೋರಿತು, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಬಾವಿ ಸಿಗುತ್ತದೆ ಅನ್ನುವ ಹಾಗೆ.

ಹಾಗೆ ಹತ್ತು ದಿನ. ಎಂಟನೆಯ ದಿನದಿಂದ ನಮ್ಮ ಮನೆಯವರು ಟ್ರೇ ಕಡೆ ನೋಡುವುದನ್ನೇ ಬಿಟ್ಟರು. ನೀರು ಚಿಮುಕಿಸುವಾಗಲೂ ಮುಖ ಬೇರೆ ಕಡೆ.

ಇವತ್ತು ಸಂಜೆ ಹಾಲು ಕರೆದು ಒಳಗೆ ಬರುತ್ತಿದ್ದೆ. ಅತ್ತೆ ಜಗಲಿಯಲ್ಲಿ ಗೋಣಿತಾಟು ಸರಿಸಿ, ಅಂಗೈಯನ್ನು ಟ್ರೇಯ ಮೇಲೆ, ತಾಗಿಯೂ ತಾಗದ ಹಾಗೆ ಆಡಿಸುತ್ತಿದ್ದರು. ಮಗುವಿಗೆ ಜ್ವರ ಇದೆಯಾ ಅಂತ ನೋಡುವ ಹಾಗೆ. ಒಂದು ಕಡೆ ಕೈ ನಿಂತಿತು.

"ಅಮ್ಮಿ, ಇಲ್ ಬಾ. ಏನೋ ಚುಚ್ತದೆ."

ಹಾಲಿನ ಪಾತ್ರೆ ಕೆಳಗಿಟ್ಟು ಬಗ್ಗಿದೆ. ಈರುಳ್ಳಿ ಹುಟ್ಟುವಾಗ ನೆಟ್ಟಗೆ ಬರುವುದಿಲ್ಲ, ನಡು ಮಡಿಸಿಕೊಂಡು ಬರುತ್ತದೆ, ಸೂಜಿಗೆ ಪೋಣಿಸಲು ಮಡಿಸಿದ ದಾರದ ಹಾಗೆ. ಮಧ್ಯಾಹ್ನ ನಾನು ನಾರಿನ ಎಳೆ ಅಂತ ಬಿಟ್ಟದ್ದು ಅದೇ ಇರಬೇಕು. ಹಸಿರು ದಾರದ ಕುಣಿಕೆಗಳು. ಎಣಿಸಿದೆ, ಹತ್ತೊಂಬತ್ತು. ಮೊಬೈಲಿನ ಬೆಳಕು ಹಿಡಿದು ಮತ್ತೆ ಎಣಿಸಿದೆ, ಹತ್ತೊಂಬತ್ತೇ. ನಮ್ಮ ಮನೆಯವರು ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಅವರು ಎಣಿಸಲಿಲ್ಲ. ಕುಕ್ಕರಗಾಲಲ್ಲಿ ಕೂತು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದರು.

"ಸಾಕಾಯ್ತದಾ ಅವ್ವ?"

"ನಮ್ಮವ್ವ ಕೊಟ್ಟಿದ್ರಲ್ಲಿ ಉಟ್ಟಿದ್ದು ಅನ್ನೆಲ್ಡೇ ಕಣ್ಲಾ," ಅಂದರು ಅತ್ತೆ. ಹನ್ನೆರಡೇ ಸಸಿ ಅಂತ ಇಷ್ಟು ವರ್ಷದ ಕತೆಗಳಲ್ಲಿ ಒಂದು ಸಲವೂ ನಾನು ಕೇಳಿರಲಿಲ್ಲ. ನಿಜವೋ ಅಲ್ಲವೋ ನಾನು ಕೇಳಲೂ ಇಲ್ಲ.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಮಜ್ಜಿಗೆ. ನಾನು ಮುದ್ದೆ ಇಡುತ್ತಿದ್ದ ಹಾಗೇ ಅತ್ತೆ ಬುಟ್ಟಿಗೆ ಕೈ ಹಾಕಿದರು. ಸಂತೆಯ ಈರುಳ್ಳಿ, ದಪ್ಪದ್ದು. ಒಂದು ಗುದ್ದಿಗೆ ಒಡೆಯಲಿಲ್ಲ, ಎರಡು ಬೇಕಾಯಿತು. ಸಿಪ್ಪೆ ತೆಗೆದು ಮಗನ ತಟ್ಟೆಯ ಅಂಚಿಗೆ ಇಟ್ಟರು. ನಮ್ಮ ಮನೆಯವರು ಪೂರ್ತಿ ತಿಂದರು, ಖಾರ ಇಲ್ಲದಿದ್ದರೂ.

ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅತ್ತೆಯ ಬಳೆ ಸದ್ದು ನಿಂತಿತ್ತು. ಇವತ್ತು ಮೊದಲು ನಿದ್ದೆ ಹೋದವರು ಅವರೇ.