ಬ್ಲೂ ಮೂನಿಗೆ ಅವ್ವ ಹೇಳಿದ ಅರ್ಥ

ಮೊನ್ನೆ ಬೇಲಿಯ ತೊಂಡೆಬಳ್ಳಿ ಕೀಳುವಾಗ ಎಲೆಯ ಹಸಿ ವಾಸನೆ ಕೈಗೆ ಅಂಟಿತು. ಕುಷ್ಟಗಿಯ ನಮ್ಮ ಸಾಲೆಯಲ್ಲಿ ಇದೇ ಎಲೆಯನ್ನು ಇದ್ದಿಲಿನೊಡನೆ ಅರೆದು ಕರಿಹಲಗೆಗೆ ಬಳಿಯುತ್ತಿದ್ದೆವು. ಆ ಹಲಗೆಯ ಮುಂದೆ ನಿಲ್ಲುತ್ತಿದ್ದ ಇಂಗ್ಲಿಷ್ ಮಾಸ್ತರರು ನೆನಪಾದರು...

ಆಗ ನಿಜಾಮರ ಆಳ್ವಿಕೆ. ಪಾಠವೆಲ್ಲ ಉರ್ದುವಿನಲ್ಲಿ, ಇಂಗ್ಲಿಷಿನ ಅರ್ಥವನ್ನೂ ಉರ್ದುವಿನಲ್ಲೇ ಹೇಳಬೇಕೆಂದು ಹುಕುಂ. ಬಾರದ ಒಂದು ಭಾಷೆಯನ್ನು ಬಾರದ ಇನ್ನೊಂದರಿಂದ ಕಲಿಯುವ ಶಿಕ್ಷೆ ಅದು. ಆದರೆ ನುಡಿಗಟ್ಟು ಬಂದಾಗ ಮಾಸ್ತರರು ಬಾಗಿಲ ಕಡೆ ನೋಡಿ, ಕನ್ನಡದಲ್ಲಿ ಬಿಡಿಸಿ ಹೇಳಿ, ದನಿ ತಗ್ಗಿಸುತ್ತಿದ್ದರು.

"ಮನಿಗೆ ಹೋಗಿ ಕೇಳ್ರಿ, ನಿಮ್ಮವ್ವ ಇದಕ್ಕ ಏನಂತಾಳ?"

ಹೀಗೆ ನಮ್ಮ ಬೀಸುಕಲ್ಲಿನ ಹತ್ತಿರಕ್ಕೂ ಇಂಗ್ಲಿಷ್ ಬಂತು. ಮೊಸಳೆ ಕಣ್ಣೀರು ಅವರಲ್ಲೂ ಇದೆ ಎಂದಾಗ ಅವ್ವ ನಕ್ಕಳು. "ಅಂದ್ರ ಇಂಗ್ಲಿಷರಿಗೂ ಅತ್ತಿಯರು ಅದಾರ ಅನ್ನು!" ಒನ್ಸ್ ಇನ್ ಎ ಬ್ಲೂ ಮೂನ್ ಅಂದರೆ ಬಲು ಅಪರೂಪಕ್ಕೆ ಎಂದೆ. ಅವ್ವ ಬೀಸುವುದನ್ನು ನಿಲ್ಲಿಸದೆಯೇ ಹೇಳಿದಳು: "ಅಮಾಸಿಗೊಮ್ಮಿ ಹುಣ್ಣಿವಿಗೊಮ್ಮಿ." ಮರುದಿನ ಮಾಸ್ತರರು ಹಿಗ್ಗಿ ಅದನ್ನು ತರಗತಿಗೆಲ್ಲ ಹೇಳಿಸಿದರು.

ತಪಾಸಣೆಗೆ ಬಂದ ಸಾಹೇಬರು ಆ ಬ್ಲೂ ಮೂನಿನ ಅರ್ಥವನ್ನೇ ಕೇಳಬೇಕೆ? ತಾವರಗೇರಾದಿಂದ ಬಂದು ಸೋದರಮಾವನ ಮನೆಯಲ್ಲಿದ್ದ ನನ್ನ ಗೆಳೆಯ ಎದ್ದು ನಿಂತ. ಉರ್ದು ಬಾಯಿಗೆ ಬರಲಿಲ್ಲ. ಇವನು ದಡ್ಡ, ಕೆಳಗಿನ ತರಗತಿಗೆ ತಳ್ಳಿ ಎಂದರು ಸಾಹೇಬರು. ಅವನ ಕಣ್ಣು ತುಂಬಿದವು.

ಮಾಸ್ತರರ ತಾಯಿ ಹಾಸಿಗೆ ಹಿಡಿದಿದ್ದರು. ಊರು ಬಿಟ್ಟು ಹೋಗುವ ಸ್ಥಿತಿಯಲ್ಲಿ ಮಾಸ್ತರರಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು...

"ಹುಡುಗ ದಡ್ಡ ಅಲ್ರಿ ಸಾಹೇಬ್ರ. ಕನ್ನಡದಾಗ ಕೇಳ್ರಿ, ಹೇಳ್ತಾನ."

ಗೆಳೆಯ ಹೇಳಿದ, ಸರಿಯಾಗಿಯೇ ಹೇಳಿದ. ಅವನು ನಮ್ಮ ತರಗತಿಯಲ್ಲೇ ಉಳಿದ. ಹುಕುಂ ಮುರಿದುದಕ್ಕೆ ಮಾಸ್ತರರಿಗೆ ಮರಾಠವಾಡದ ಮೂಲೆಯೊಂದಕ್ಕೆ ವರ್ಗವಾಯಿತು. ತಾಯಿಯನ್ನು ಹೆಂಡತಿಗೆ ಒಪ್ಪಿಸಿ ಒಬ್ಬರೇ ಹೋದರು.

ಅವರು ತಿರುಗಿ ಬರಲಿಲ್ಲ, ಅವರ ಟ್ರಂಕು ಬಂತು. ಅದನ್ನು ತಂದ ಅಲ್ಲಿನ ಸಾಲೆಯ ಜವಾನ, ಜ್ವರದಲ್ಲಿ ಹೋಗಿಬಿಟ್ಟರು ಎಂದ. ಆಮೇಲೆ ತಲೆ ತಗ್ಗಿಸಿ, ಹರಕು ಮುರುಕು ಕನ್ನಡದಲ್ಲಿ ಅವರ ಹೆಂಡತಿಯನ್ನು ಕೇಳಿದ.

"ಬಾಯೀ, ನೀರಡಿಕಿ ಅಂದ್ರ ಯಾರು? ಮಾಸ್ತರ್ ಸಾಬ್ ರಾತ್ರಿಯೆಲ್ಲ ಅದೇ ಹೆಸರು ಕರೀತಿದ್ರು."

ಆಕೆ ಗೋಡೆಗೆ ತಲೆಯಾನಿಸಿ ಕುಸಿದರು. ಮಾಸ್ತರರಿಗೆ ಬಾಯಾರಿತ್ತು, ಅಷ್ಟೇ.

ಆ ತರಗತಿಯವರಲ್ಲಿ ಈಗ ಉಳಿದವನು ನಾನೊಬ್ಬನೇ. ಆ ಮಾತಿನ ಅರ್ಥ ನಮ್ಮಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದೆವು. ಅಲ್ಲಿ ನಮ್ಮಲ್ಲಿ ಒಬ್ಬರೂ ಇರಲಿಲ್ಲವಲ್ಲ ಎಂದು ಇಂದಿಗೂ ಸಂಕಟವಾಗುತ್ತದೆ...