ಎರಡು ಹೊತ್ತಿನ ಸ್ನಾನ

1998ರ ಮಳೆಗಾಲದಲ್ಲಿ ಸೇಡಂನಲ್ಲಿ ನನ್ನದೊಂದು ಸಣ್ಣ ದವಾಖಾನೆ ಇತ್ತು ಎಂದು ಬರೆಯಲು ಶುರು ಮಾಡಿದ್ದೆ. ಅನುಮಾನ ಬಂದು ಹಳೆಯ ರೋಗಿಗಳ ರಿಜಿಸ್ಟರ್ ತೆಗೆದು ನೋಡಿದರೆ ಅದರಲ್ಲಿ 1997 ಎಂದಿದೆ. ಇಸವಿಯನ್ನೇ ತಪ್ಪಿದವನ ನೆನಪು ಇದು. ಉಳಿದದ್ದನ್ನೂ ಅಷ್ಟೇ ಎಚ್ಚರದಿಂದ ಓದಬೇಕು.

ಜುಲೈ ತಿಂಗಳು. ಸುಧಾ ಎಂಬ ಇಪ್ಪತ್ತನಾಲ್ಕು ವರ್ಷದ ಸೊಸೆಯನ್ನು ಅತ್ತೆ ಗಂಗಾಬಾಯಿ ಕರೆತಂದರು. ಗುಡಿಯ ಪೂಜೆ ನಡೆಸುವ ವೈಷ್ಣವ ಮನೆತನ. ಮಗ ವಾಡಿಯ ಶಾಲೆಯೊಂದರಲ್ಲಿ ಮಾಸ್ತರ. ಊರಿಗೆ ಬರುವುದು ಭಾನುವಾರ ಮಾತ್ರ. ಸುಧಾಳಿಗೆ ತೊಡೆಸಂದಿಯಲ್ಲಿ, ಎದೆಯ ಕೆಳಗೆ ಉರಿ, ತುರಿಕೆ. ಜೊತೆಗೆ ಮೊಸರಿನಂಥ ಬಿಳಿಸೆರಗು. ಚರ್ಮ ಕೆಂಪಾಗಿ ಸುಲಿದು, ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳಿದ್ದವು.

ಇದು ಯೀಸ್ಟ್ ಸೋಂಕು, ಕ್ಯಾಂಡಿಡಾ ಎಂಬ ಶಿಲೀಂಧ್ರದ ಕೆಲಸ. ಅದು ಬಹಳ ಜನರ ಬಾಯಲ್ಲಿ, ಕರುಳಲ್ಲಿ, ಯೋನಿಯಲ್ಲಿ ತಂಟೆ ಮಾಡದೆ ಇರುತ್ತದೆ. ಸಕ್ಕರೆ ಕಾಯಿಲೆ, ಬಸಿರು, ಸ್ಟೀರಾಯ್ಡ್, ಬೇಕಾಬಿಟ್ಟಿ ನುಂಗಿದ ಆಂಟಿಬಯೋಟಿಕ್, ಸದಾ ಒದ್ದೆಯಾಗಿರುವ ಚರ್ಮ ಇವುಗಳಲ್ಲಿ ಯಾವುದಾದರೂ ಒಂದು ಸಿಕ್ಕರೆ ಬೆಳೆದುಬಿಡುತ್ತದೆ. ಕೂಸುಗಳ ನಾಲಗೆಯ ಮೇಲಿನ ಬಿಳಿ ಪದರ, ದಿನವಿಡೀ ನೀರಲ್ಲಿ ಕೈಯಿಟ್ಟು ದುಡಿಯುವವರ ಉಗುರುಸುತ್ತು ಕೂಡ ಹಲವು ಸಲ ಇದೇ. ಇದನ್ನು ಸಾಮಾನ್ಯವಾಗಿ ಲೈಂಗಿಕ ರೋಗವೆಂದು ಎಣಿಸುವುದಿಲ್ಲ.

ಆದರೆ ಗಂಗಾಬಾಯಿ ಎಣಿಸಿದ್ದರು. "ನಮ್ಮ ಮನ್ಯಾಗ ಇಂಥಾ ಜಡ್ಡು ಯಾರಿಗೂ ಬಂದಿಲ್ರಿ. ಮಗಾ ವಾಡ್ಯಾಗ ಇರ್ತಾನ. ಇಕಿಗಿ ಎಲ್ಲಿಂದ ಬಂತು?"

ಕ್ಲೋಟ್ರಿಮಜೋಲ್ ಮುಲಾಮು, ಆರು ರಾತ್ರಿ ಯೋನಿಯೊಳಗೆ ಇಡುವ ಮಾತ್ರೆ ಬರೆದೆ. ಕೆಳಗೆ ಸ್ವಂತ ಬುದ್ಧಿಯಿಂದ ಒಂದು ಸಾಲು ಸೇರಿಸಿದೆ: ದಿನಕ್ಕೆ ಎರಡು ಸಲ ಸ್ನಾನ.

ಹದಿನೈದು ದಿನದಲ್ಲಿ ಮರಳಿ ಬಂದಳು. ಸೋಂಕು ಹೆಚ್ಚಾಗಿತ್ತು.

ನನಗೆ ಎಲ್ಲರ ಮೇಲೂ ಸಂಶಯ. ಮೂತ್ರಕ್ಕೆ ಬೆನೆಡಿಕ್ಟ್ ದ್ರಾವಣ ಹಾಕಿ ಕಾಸಿದೆ. ನೀಲಿ ನೀಲಿಯಾಗಿಯೇ ಉಳಿಯಿತು, ಸಕ್ಕರೆ ಇರಲಿಲ್ಲ. ಬಸಿರೂ ಅಲ್ಲ. ಔಷಧಿಯೇ ನಕಲಿ ಇರಬಹುದೆಂದು ಬೇರೆ ಕಂಪನಿಯದು ಬರೆದೆ. ಸುಧಾ ಮಾತ್ರೆ ಇಡುತ್ತಿಲ್ಲವೇನೋ ಎಂದು ಖಾಲಿ ಪೊಟ್ಟಣ ತರಲು ಹೇಳಿದೆ. ಒಪ್ಪವಾಗಿ ಮಡಿಸಿ ತಂದಳು. ಕೊನೆಗೆ ಮಾಸ್ತರನನ್ನು ಕರೆಸಿದೆ.

"ನನ್ನ ಮ್ಯಾಲೇ ಡೌಟ್ ಏನ್ರಿ ಸಾಹೇಬ್ರ?" ಎಂದು ಆತ ಸಿಟ್ಟಾದ. ಪರೀಕ್ಷಿಸಿದರೆ ಏನೂ ಇರಲಿಲ್ಲ. ನನ್ನ ಆ ಪರೀಕ್ಷೆ ಸುಧಾಳಿಗೇ ತಿರುಗುಬಾಣವಾಯಿತು. ಮಗನಲ್ಲಿ ದೋಷವಿಲ್ಲವೆಂದು ಡಾಕ್ಟರೇ ಹೇಳಿದ ಮೇಲೆ ಗಂಗಾಬಾಯಿಗೆ ಇನ್ನೇನು ಬೇಕು?

ಆಗಸ್ಟ್‌ನಲ್ಲಿ ಮೂರನೆಯ ಸಲ ಬಂದಾಗ ಗಂಗಾಬಾಯಿ ನಿಂತೇ ಮಾತಾಡಿದರು. "ಇದು ಕಡೀ ಸಲ. ಇನ್ನ ಗುಣಾ ಆಗ್ಲಿಲ್ಲಂದ್ರ ಚಿಂಚೋಳಿಗಿ, ಅಕಿ ತವರಿಗಿ ಬಿಟ್ಟು ಬರ್ತೀವಿ. ಆಮ್ಯಾಲ ಕರಿಯೂದಿಲ್ಲ."

ಸುಧಾ ಫರಸಿ ಕಲ್ಲಿನ ನೆಲ ನೋಡುತ್ತ ಕೂತಿದ್ದಳು. ದವಾಖಾನೆಯ ನರ್ಸ್ ಮಹಾದೇವಮ್ಮ ಆಕೆಯನ್ನು ಪರದೆಯ ಹಿಂದಕ್ಕೆ ಕರೆದೊಯ್ದಳು. ಮುಂದಿನ ಮಾತು ರಿಜಿಸ್ಟರ್ ನೋಡಿದ ಮೇಲೆ ಮತ್ತೆ ಕಿವಿಗೆ ಬಂತು.

"ಸಾಹೇಬ್ರು ಹೇಳಿದ್ದು ಎಲ್ಲಾ ಮಾಡಾಕತ್ತೀರಿಲ್ಲ ಅಕ್ಕಾ?"

"ಮಾಡ್ಲಿಕತ್ತೀನ್ರಿ. ಎರಡು ಹೊತ್ತು ಸ್ನಾನ ಅಂದ್ರಲ್ಲ, ಅದಕ್ಕ ಸಂಜೀ ಮಡಿ ಅಡಗೀನೂ ಈಗ ನನಗೇ ಬಂದದ. ಹೆಂಗೂ ಮೈ ತೊಳಕೋತಾಳಲ್ಲ ಅಂದ್ರು ಅತ್ತಿ."

"ಈ ಮಳ್ಯಾಗ ಮಡಿ ಸೀರಿ ಒಣಗ್ತದೇನ್ರಿ?"

"ಎಲ್ಲಿ ಒಣಗ್ತದ? ಹಿಂಡಿ ಉಡೂದು."

"ಹಸೀದೇ? ಎಷ್ಟೊತ್ತು?"

"ಮೈ ಮ್ಯಾಲೇ ಒಣಗೂತನ."

ಒಗೆದ ಸೀರೆಯನ್ನು ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಹಾಕಿ, ಸ್ನಾನ ಮಾಡಿ ಉಟ್ಟು, ನೈವೇದ್ಯದ ಅಡುಗೆ ಮಾಡುವುದು ಮಡಿ. ಸೀರೆ ಒಂಬತ್ತು ಗಜದ್ದು. ಕಚ್ಚೆ ತೊಡೆಯ ನಡುವೆ ಹಾದು ಹೋಗುತ್ತದೆ. ಬೆಳಿಗ್ಗೆ ನಾಲ್ಕು ತಾಸು ಒದ್ದೆ ಬಟ್ಟೆಯಲ್ಲಿ ಒಲೆಯ ಮುಂದಿದ್ದವಳನ್ನು ನನ್ನ ಚೀಟಿ ಸಂಜೆಯೂ ಮೂರು ತಾಸು ಕೂರಿಸಿತ್ತು.

ಅತ್ತೆಯ ಮುಂದೆ ಭಾಷಣಕ್ಕೆ ಬಾಯಿ ತೆರೆದೆ. ಮಹಾದೇವಮ್ಮ ಮೊದಲೇ ಕೇಳಿಬಿಟ್ಟಳು: "ಬಾಯಾರ, ಖರೇ ಹೇಳ್ರಿ. ನಿಮಗ ಮಳಿಗಾಲದಾಗ ಯಾವಾಗೂ ಬಂದಿಲ್ಲೇನ್ರಿ ಇದು?"

"ನಮ್ಮ ಮನ್ಯಾಗ…" ಎಂದು ದನಿ ಎತ್ತಿದರು. ಗಂಗಾಬಾಯಿ ಕುರ್ಚಿ ಎಳೆದು ಕೂತರು. "ಬಂದದ. ಮೂವತ್ತು ವರ್ಷ ಆತು. ಈಗೂ ಅದ. ಯಾರಿಗಿ ಹೇಳ್ಬೇಕಿತ್ತು? ನಮ್ಮತ್ತಿನೂ ಇದೇ ಕೇಳತಿದ್ಳು, ಎಲ್ಲಿಂದ ಬಂತು ಅಂತ."

ಸುಧಾ ಮೊದಲ ಸಲ ತಲೆಯೆತ್ತಿ ಅತ್ತೆಯನ್ನು ನೋಡಿದಳು.

ಮಡಿ ಬಿಡಿ ಎಂದು ನಾನು ಹೇಳಲಿಲ್ಲ. ಮೈ ಒರೆಸಿ ಒಣಗಿಸಿ, ಒಣಗಿದ್ದನ್ನೇ ಉಡಬೇಕು ಎಂದೆ. ದಾರಿ ಕಂಡವರು ಗಂಗಾಬಾಯಿ: "ರೇಷ್ಮಿ ಪಟ್ಟೆ ಸೀರಿಗಿ ಮೈಲಿಗಿ ಇಲ್ಲ, ದಿನಾ ತೋಯಿಸೂದು ಬ್ಯಾಡ. ನನ್ನ ಮದವಿದು ಟ್ರಂಕ್‌ನ್ಯಾಗ ಅದ, ಅಕಿಗಿ ಕೊಡ್ತೀನಿ." ಬಾಗಿಲ ತನಕ ಹೋಗಿ, ತಿರುಗಿ ಬಂದು ತಗ್ಗಿದ ದನಿಯಲ್ಲಿ ಅಂದರು: "ಆ ಮಲಾಮು… ಎರಡು ಬರೀರಿ."

ಹಳೆಯದೇ ಔಷಧಿ, ಮೂರು ವಾರ. ಚರ್ಮ ವಾಸಿಯಾಯಿತು, ಬಿಳಿಸೆರಗೂ ನಿಂತಿತು. ಚರ್ಮದ ಮಟ್ಟಿಗೆ ಒದ್ದೆ ಸೀರೆಯೇ ಕಾರಣವೆಂದು ಧೈರ್ಯವಾಗಿ ಹೇಳುವೆ. ಒಳಗಿನದಕ್ಕೂ ಅದೇ ಎಂದು ಆಣೆ ಮಾಡಲಾರೆ. ಸುಧಾ ಚಿಂಚೋಳಿಗೆ ಹೋದದ್ದು ದಸರೆಗೆ. ಕರೆತರಲು ಗಂಗಾಬಾಯಿಯೇ ಹೋದರು.

ಈ ಪ್ರಕರಣವನ್ನು ಕಿರಿಯ ಡಾಕ್ಟರುಗಳಿಗೆ ಎಷ್ಟೋ ವರ್ಷ ಹೇಳಿದ್ದೇನೆ. ಔಷಧಿ ಸೋತಾಗ ರೋಗಿಯನ್ನು ಶಂಕಿಸುವ ಮೊದಲು ನಿಮ್ಮ ಚೀಟಿಯನ್ನು ಶಂಕಿಸಿ. ನೀವು ಬರೆದ ಸಾಲು ಅವರ ಮನೆಯಲ್ಲಿ ಏನಾಯಿತೆಂದು ಕೇಳಿ ಎನ್ನುತ್ತಿದ್ದೆ. ಸೀರೆಯ ಪ್ರಶ್ನೆ ಕೇಳಿದವನು ನಾನೇ ಎಂದೂ ಹೇಳುತ್ತಿದ್ದೆ, ನಂಬಿಯೂ ಇದ್ದೆ. ಇಸವಿ ನೋಡಲು ತೆಗೆದ ರಿಜಿಸ್ಟರಿನಲ್ಲಿ ಆ ದಿನದ ಸಾಲು ಸಿಕ್ಕಿತು: 'ಸೀರಿ ಹಸಿ. ಸ್ನಾನ ಒಂದೇ ಸಾಕು.' ಅಕ್ಷರ ಮಹಾದೇವಮ್ಮನದು. ಪಕ್ಕದಲ್ಲಿ ನನ್ನದೂ ಇದೆ, ಬರೀ ಸಹಿ.